ಹಳೆಯ ಕುದುರೆ, ನಿತ್ಯದ ದಾರಿ

ಶಿಷ್ಯನೊಬ್ಬ ತನ್ನ 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನು ಕಡಿಮೆ ಬೆಲೆಗೆ ನನಗೇ ಕೊಡುವುದಾಗಿ ಹೇಳಿದ. 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ. ಓಡಿಸಿ ನೋಡಿದೆ, ಅರವತ್ತು ದಾಟಿದ ಮನಸ್ಸೂ ಅದರೊಡನೆ ಓಡಿತೆಂಬುದು ನಿಜ.

ಆದರೆ ನನಗೆ ಬೇಕಾದುದು ನಿತ್ಯದ ವಾಹನ. ಸಂತೆ, ಬ್ಯಾಂಕಿನ ಓಡಾಟವಲ್ಲದೆ, ವಾರಕ್ಕೆ ಮೂರು ಬಾರಿ ಪತ್ನಿಯನ್ನು ಡಯಾಲಿಸಿಸ್‌ಗೆಂದು ಮರಳಿಯಿಂದ ಗಂಗಾವತಿಗೆ ಕರೆದೊಯ್ಯಬೇಕು. ಸುಗ್ಗಿಯಲ್ಲಿ ಆ ರಸ್ತೆ ಭತ್ತ ಹೇರಿದ ಟ್ರ್ಯಾಕ್ಟರುಗಳದು. ಅಲ್ಲಿ 150 ಕುದುರೆಗಳೂ ಎತ್ತಿನ ಹೆಜ್ಜೆಯನ್ನೇ ಹಾಕಬೇಕು.

ಲೆಕ್ಕವನ್ನೂ ಹಾಕಿದೆ. ಖಾಸಗಿ ಕಾರಿನ ನೋಂದಣಿ ಮೊದಲಿಗೆ 15 ವರ್ಷ. ಆಮೇಲೆ ಐದು ವರ್ಷಕ್ಕೊಮ್ಮೆ ತಪಾಸಣೆ, ನವೀಕರಣ. 20 ವರ್ಷ ದಾಟಿದ ಕಾರಿಗೆ ಆ ಶುಲ್ಕವು 2025ರ ಆಗಸ್ಟ್‌ನಿಂದ 10,000 ರೂಪಾಯಿ. ಇಂದಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತಿರುತ್ತದೆ. ಅಂದಿನ ರಬ್ಬರ್ ಕೊಳವೆಗಳನ್ನು ಅದಕ್ಕೆಂದು ಮಾಡಿರಲಿಲ್ಲ. ಟರ್ಬೊ ಕೆಟ್ಟರೆ ಬಿಡಿಭಾಗ ಬರುವವರೆಗೆ ಕಾಯಬೇಕು. ನಾನು ಕಾಯಬಲ್ಲೆ, ಡಯಾಲಿಸಿಸ್ ಕಾಯದು.

ಊರ ಮೇಸ್ತ್ರಿಯೇ ರಿಪೇರಿ ಮಾಡಬಲ್ಲ ಸಣ್ಣ ಕಾರೊಂದನ್ನು ಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಶಿಷ್ಯನಿಗೆ ಹೇಳಿದೆ: “ಅದನ್ನು ಮಾರಬೇಡ ತಮ್ಮಾ, ಭಾನುವಾರದ ಸಂತೋಷಕ್ಕೆ ಇಟ್ಟುಕೋ. ಒಮ್ಮೊಮ್ಮೆ ನಮ್ಮಿಬ್ಬರನ್ನೂ ಸುತ್ತಾಡಿಸು.”