ಕರೂರಿನ ಹೆಣ್ಣುಮಕ್ಕಳ ಲೆಕ್ಕಾಚಾರ

ದಾವಣಗೆರೆಯ ಅಂಚಿನ ಕರೂರು ಕೈಗಾರಿಕಾ ಪ್ರದೇಶಕ್ಕೆ ನಾವು ಹೋದುದು ಯಂತ್ರಗಳನ್ನು ನೋಡುವುದಕ್ಕಲ್ಲ. ಸುತ್ತಣ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಕೂಲಿಗೆ ಬರುವ ಹೆಣ್ಣುಮಕ್ಕಳು ಸಂತಾನನಿಯಮನದ ವಿಷಯದಲ್ಲಿ ಏನೆನ್ನುವರೆಂದು ಕೇಳುವುದಕ್ಕೆ. ಸಂಕೋಚದ ಮಾತೆಂದು ವಾಚಕರು ಪುಟವನ್ನು ಮಗುಚಬಾರದು. ಪೇಟೆಯ ಮನೆಗಳಲ್ಲಿರುವಷ್ಟು ಸಂಕೋಚವನ್ನು ನಾವು ಅಲ್ಲಿ ಕಾಣಲಿಲ್ಲ.

“ಎರಡಾದ ಮ್ಯಾಲೆ ಆಪರೇಷನ್ ಮಾಡಿಸಿಬಿಡದು, ಇನ್ನೇನೈತ್ರಿ ಅಕ್ಕಾರ?” ಎಂದಳೊಬ್ಬಳು, ಎಲೆಗೆ ಸುಣ್ಣ ಸವರುತ್ತ. ಆದರೆ ಆ ಎರಡರಲ್ಲಿ ಒಂದು ಗಂಡಾಗಿರಬೇಕು. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಮಾತನ್ನು ಕೀರ್ತಿ ಬರುವವರೆಗೆ ಆರತಿಗಳು ಎಷ್ಟಾದರೂ ಆಗಬಹುದೆಂದು ತಿಳಿದುಕೊಂಡ ಮನೆಗಳೂ ಉಂಟು!

ಹಳ್ಳಿಯ ಹೆಂಗಸು ಅಜ್ಞಾನದಿಂದ ಹಿಂಜರಿಯುತ್ತಾಳೆಂಬುದು ಪೂರ್ತಿ ನಿಜವಲ್ಲ. ನಮ್ಮ ಮೈಸೂರು ಸರ್ಕಾರವು 1930ರಷ್ಟು ಹಿಂದೆಯೇ ಆಸ್ಪತ್ರೆಗಳಲ್ಲಿ ಇದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆಯಲು ಒಪ್ಪಿತು. ದಾವಣಗೆರೆಯೂ ಆಗ ಅದೇ ಸಂಸ್ಥಾನದ್ದು. 1951-52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ಮೈಸೂರು ಸೀಮೆಯಲ್ಲಿ ವಿಚಾರಿಸಿದಾಗ, ಮಕ್ಕಳು ಸಾಕೆನ್ನುವವರು ಬಹಳ ಮಂದಿ, ಉಪಾಯ ಬಲ್ಲವರು ಕೆಲವರೇ ಎಂದು ಕಂಡುಬಂದಿತು. ಆಮೇಲೆ ರಾಮನಗರದಲ್ಲಿ, ದಿನಗಳನ್ನೆಣಿಸಲೆಂದು ಸ್ತ್ರೀಯರ ಕೈಗೆ ಬಣ್ಣದ ಮಣಿಗಳ ಸರವನ್ನು ಕೊಟ್ಟು ನೋಡಿದರು. ಮನೆಯಲ್ಲಿ ಮಗ್ಗುಲಿನವನ ಸಮ್ಮತಿಯಿಲ್ಲದೆ ಮಣಿ ಸರಿಸಿದರೇನು ಬಂತು?

ಈಗಲೂ ಭಾರ ಒಂದೇ ಕಡೆಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡ ಮನೆಗಳು ನೂರಕ್ಕೆ ಒಂದೂ ಇಲ್ಲ. ಗಂಡಸರದು ಹೊಲಿಗೆಯಿಲ್ಲದೆ ಕೆಲವು ನಿಮಿಷಗಳಲ್ಲಿ ಮುಗಿಯುವಂಥದು. “ಅವ್ರು ಭಾರ ಎತ್ತೋರು, ಕಸುವು ಹೋದರೆ?” ಎನ್ನುತ್ತಾರೆ ಹೆಂಡಂದಿರೇ. ಹೀಗೆಂದವಳು ತಾನೂ ಬೆಳಗಿನಿಂದ ಚೀಲ ಹೊತ್ತವಳು. 1975-77ರ ತುರ್ತುಪರಿಸ್ಥಿತಿಯ ಬಲವಂತವೂ ಗಂಡಸರ ಅಂಜಿಕೆಗೆ ಒಂದು ಕಾರಣ.

ಒಂದು ಸಲ ಮಾಡಿಸಿ ಕೈತೊಳೆದುಕೊಳ್ಳುವುದು ಕೂಲಿಯವಳಿಗೆ ಹಿತ. ಪದೇಪದೇ ಆಸ್ಪತ್ರೆಗೆ ಅಲೆದರೆ ಆ ದಿನದ ಕೂಲಿ ಹೋಯಿತು. ಕಷ್ಟವಿರುವುದು ಹೊಸದಾಗಿ ಮದುವೆಯಾಗಿ ಬಂದವಳಿಗೆ. ಒಂದು ಮಗುವಾಗುವವರೆಗೆ ಆಕೆ ಬಾಯಿ ಬಿಡುವಂತಿಲ್ಲ. ಆದ ಮೇಲೆ ಅಂತರ ಬೇಕೆಂದರೂ, ಮಾಲಾ ಗುಳಿಗೆಯ ಪೊಟ್ಟಣವನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಎಲ್ಲಿಡುವುದು? ವಂಕಿ ಹೊಟ್ಟೆಯೊಳಗೆ ಮೇಲಕ್ಕೇರುತ್ತದೆಂಬ ಭಯ ಬೇರೆ. ಆದುದರಿಂದ ಮೂರು ತಿಂಗಳಿಗೊಮ್ಮೆ ಹಾಕಿಸುವ ‘ಅಂತರಾ’ ಸೂಜಿ ಕೆಲವರಿಗೆ ಒಪ್ಪಿಗೆಯಾಗಿದೆ, ಬಚ್ಚಿಡತಕ್ಕದ್ದೇನೂ ಇಲ್ಲ. ಆದರೆ ಅದರಿಂದ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೂ ಹೋಗುತ್ತದೆ. ಮೊದಲೇ ಕೇಳಿ ತಿಳಿಯದವಳು ಗಾಬರಿಯಾಗಿ ಬಿಟ್ಟುಬಿಡುತ್ತಾಳೆ. ಆಶಾ ಕಾರ್ಯಕರ್ತೆಯು ಜಗುಲಿಯಲ್ಲಿ ಅರ್ಧ ಗಳಿಗೆ ಕುಳಿತು ಹೇಳಿಹೋದ ಮನೆಯವಳು ಎರಡನೆಯ ಸೂಜಿಗೂ ಬರುತ್ತಾಳೆ.