ಗಡಿಬೀದಿಯ ಹಾಡುಗಳು

ಅಮೆರಿಕದ ಟೆನೆಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿರೇಖೆಯು ಬ್ರಿಸ್ಟಲ್ ಎಂಬ ಊರಿನ ಮುಖ್ಯ ಬೀದಿಯ ನಟ್ಟನಡುವೆ ಹಾದುಹೋಗುತ್ತದೆ. ಬೀದಿಯ ಹೆಸರೇ ಸ್ಟೇಟ್ ಸ್ಟ್ರೀಟ್, ಅಂದರೆ ರಾಜ್ಯಬೀದಿ. ರಸ್ತೆಯ ಮಧ್ಯದಲ್ಲಿ ಅಲ್ಲಲ್ಲಿ ಹಿತ್ತಾಳೆಯ ಬಿಲ್ಲೆಗಳನ್ನು ಹುದುಗಿಸಿ ಗಡಿಯನ್ನು ಗುರುತಿಸಿದ್ದಾರೆ. ಉತ್ತರದ ಅಂಗಡಿಸಾಲು ವರ್ಜೀನಿಯಕ್ಕೂ ದಕ್ಷಿಣದ ಸಾಲು ಟೆನೆಸಿಗೂ ಸೇರಿದುದು. ಊರು ಒಂದೇ ಆದರೂ ನಗರಸಭೆ ಎರಡು, ನಗರಾಧ್ಯಕ್ಷರು ಇಬ್ಬರು, ಪೋಲೀಸರು ಎರಡು ಬಗೆ, ಶಾಲಾ ಮಂಡಳಿಗಳೂ ಎರಡು. ಟೆನೆಸಿಯಲ್ಲಿ ದುಡಿದ ಸಂಬಳಕ್ಕೆ ರಾಜ್ಯದ ಆದಾಯ ತೆರಿಗೆಯಿಲ್ಲ, ಆದರೆ ಮಾರಾಟ ತೆರಿಗೆ ಹೆಚ್ಚು. ವರ್ಜೀನಿಯದಲ್ಲಿ ಇದಕ್ಕೆ ವಿರುದ್ಧ. ಆದುದರಿಂದ ಅಲ್ಲಿಯ ಗೃಹಿಣಿಯರು ಯಾವ ವಸ್ತುವನ್ನು ಬೀದಿಯ ಯಾವ ಮಗ್ಗುಲಲ್ಲಿ ಕೊಳ್ಳಬೇಕೆಂಬುದನ್ನು ಚೆನ್ನಾಗಿ ಬಲ್ಲರು. ಗ್ರಂಥಾಲಯ ಮಾತ್ರ ಎರಡೂ ಊರಿಗೆ ಸೇರಿ ಒಂದೇ ಸಂಸ್ಥೆ. ಉಪಾಧ್ಯಾಯ ವೃತ್ತಿಯವರಾದ ನಮಗೆ ಈ ಸಂಗತಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು.

ಈ ಸೌಹಾರ್ದ ಮೊದಲಿನಿಂದಲೂ ಇದ್ದುದಲ್ಲ. ೧೮೮೯ರಲ್ಲಿ ಈ ಬೀದಿಯಲ್ಲಿ ನೀರಿನ ಕೊಳವೆ ಹೂಳುವ ವಿಷಯಕ್ಕಾಗಿ ಎರಡೂ ಕಡೆಯವರು ಬಂದೂಕು ಹಿಡಿದು ಎದುರುಬದುರು ನಿಂತಿದ್ದರಂತೆ. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ೧೮೯೩ರಲ್ಲಿ ತೀರ್ಪಾಯಿತು. ಬಳಿಕ ೧೯೦೧ರಲ್ಲಿ ಟೆನೆಸಿಯು ಬೀದಿಯ ಉತ್ತರಾರ್ಧವನ್ನು ನೆರೆರಾಜ್ಯಕ್ಕೆ ಬಿಟ್ಟುಕೊಟ್ಟಿತು. ಗಡಿ ಬೀದಿಯ ನಡುವಿಗೆ ಬಂದು ನಿಂತಿತು. ೧೯೬೭ರ ಮಹಾಜನ ವರದಿಯ ಪುಟಸಂಖ್ಯೆಗಳನ್ನು ಬಾಯಿಪಾಠ ಮಾಡಿದ ಹಿರಿಯರ ನಡುವೆ ಬೆಳೆದ ಕಾಸರಗೋಡಿನ ನಮ್ಮಂಥವರಿಗೆ ಇಂತಹ ಕಥೆ ಹೊಸತಲ್ಲ. ೨೦೨೦ರ ಮಾರ್ಚಿಯಲ್ಲಿ ರೋಗಭಯದಿಂದ ತಲಪಾಡಿಯಾಚೆಗಿನ ದಾರಿಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗೆ ಹೊರಟ ವಾಹನಗಳು ನಡುದಾರಿಯಲ್ಲಿ ನಿಂತುದನ್ನು ನಮ್ಮ ಓದುಗರಾರೂ ಮರೆತಿರಲಾರರು. ಹಿತ್ತಾಳೆಯ ಬಿಲ್ಲೆಯ ಆಚೆ ಒಂದು ಕಾಲು, ಈಚೆ ಒಂದು ಕಾಲು ಇರಿಸಿ ನಾವು ದಂಪತಿಗಳು ಛಾಯಾಚಿತ್ರ ತೆಗೆಸಿಕೊಂಡಾಗ ಅದು ಬರಿಯ ಪ್ರವಾಸಿಗರ ವಿನೋದವಾಗಿರಲಿಲ್ಲವೆಂದು ಹೇಳಲೇಬೇಕು.

ನಮ್ಮ ಮಗಳು ಅಳಿಯಂದಿರು ಉತ್ತರ ಕೆರೊಲಿನಾದ ಶಾರ್ಲಟ್ ನಗರದಲ್ಲಿದ್ದಾರೆ. ಶಾಲೆಗೆ ಬೇಸಗೆಯ ರಜೆಯಾದುದರಿಂದ ಅಲ್ಲಿಗೆ ಹೋಗಿದ್ದೆವು. ಎತ್ತರದ ಕಟ್ಟಡಗಳನ್ನೂ ವಿಶಾಲವಾದ ಮಳಿಗೆಗಳನ್ನೂ ನೋಡಿ ಕಣ್ಣು ದಣಿದಿರಲು, ಒಂದು ಶನಿವಾರ ಮುಂಜಾನೆ ಬ್ಲೂ ರಿಜ್ ಬೆಟ್ಟಸಾಲನ್ನು ದಾಟಿ ಮೂರು ಗಂಟೆಗಳ ಪ್ರಯಾಣದಿಂದ ಈ ಊರನ್ನು ಸೇರಿದೆವು. ಮೇ ತಿಂಗಳ ಎಳೆಹಸಿರು ಹೊದ್ದ ಆ ಬೆಟ್ಟಗಳು ದೂರದಿಂದ ನಿಜಕ್ಕೂ ನೀಲಿಯಾಗಿಯೇ ತೋರುತ್ತವೆ. ಅಳಿಯಂದಿರಿಗೆ ಗಿಟಾರಿನ ಗೀಳು; ಕಂಟ್ರಿ ಎಂದು ಕರೆಯಲ್ಪಡುವ ಅಲ್ಲಿಯ ಹಳ್ಳಿಗಾಡಿನ ಸಂಗೀತದ ತೊಟ್ಟಿಲು ಇದೇ ಊರೆಂದು ದಾರಿಯುದ್ದಕ್ಕೂ ಹೇಳುತ್ತ ಬಂದರು. ಅಮೆರಿಕದ ಸಂಸತ್ತೇ ೧೯೯೮ರಲ್ಲಿ ಬ್ರಿಸ್ಟಲನ್ನು ಈ ಸಂಗೀತದ ಜನ್ಮಸ್ಥಾನವೆಂದು ಗೌರವಿಸಿದೆ. ಸಂಗೀತವೊಂದು ಇಂಥ ಊರಿನಲ್ಲಿ ಇಂಥ ದಿನ ಹುಟ್ಟಿತೆಂದು ಶಾಸನಸಭೆ ಹೇಳಿದರೆ ನಂಬುವುದು ಕಷ್ಟವೇ. ಹಾಡು ಅದಕ್ಕೂ ಮೊದಲೇ ಆ ಬೆಟ್ಟಗಳಲ್ಲಿತ್ತು. ಇಲ್ಲಿ ಆದುದು ಅದರ ಧ್ವನಿಮುದ್ರಣ.

ಆ ಮುದ್ರಣದ ಕಥೆ ಹೀಗಿದೆ. ೧೯೨೭ರ ಜುಲೈ ೨೫ರಿಂದ ಆಗಸ್ಟ್ ೫ರವರೆಗೆ ವಿಕ್ಟರ್ ಗ್ರಾಮೊಫೋನ್ ಸಂಸ್ಥೆಯ ಪರವಾಗಿ ರಾಲ್ಫ್ ಪಿಯರ್ ಎಂಬಾತ ಇಬ್ಬರು ಯಂತ್ರಜ್ಞರೊಡನೆ ಬಂದು, ಬೀದಿಯ ಟೆನೆಸಿ ಮಗ್ಗುಲಿನಲ್ಲಿ ಟೊಪ್ಪಿಗೆಗಳ ವ್ಯಾಪಾರ ಸಂಸ್ಥೆಯೊಂದಿದ್ದ ಕಟ್ಟಡದ ಮೇಲಂತಸ್ತಿನಲ್ಲಿ ಬೀಡುಬಿಟ್ಟನು. ಹೊರಗಿನ ಸದ್ದನ್ನು ತಡೆಯಲು ಗೋಡೆಗಳಿಗೆ ಕಂಬಳಿಗಳನ್ನು ತೂಗಹಾಕಿದರು. ಮೈಕ್ರೊಫೋನಿನಿಂದ ಬಂದ ಧ್ವನಿಯನ್ನು ವಿದ್ಯುತ್ತಿನಿಂದ ಬಲಪಡಿಸಿ, ತಿರುಗುವ ಮೇಣದ ತಟ್ಟೆಯ ಮೇಲೆ ಸೂಜಿಯಿಂದ ಕೊರೆಯುವ ವಿಧಾನ ಆಗ ಹೊಸತು. ತಟ್ಟೆಯನ್ನು ತಿರುಗಿಸಲು ಮಾತ್ರ ವಿದ್ಯುತ್ತಲ್ಲ, ಮೇಲಿನಿಂದ ನಿಧಾನವಾಗಿ ಇಳಿಯುವ ಭಾರದ ಗುಂಡು! ಗೋಡೆಗಡಿಯಾರದ ತತ್ತ್ವವೇ ಅದು. ವೇಗವು ಏರುಪೇರಾಗದಿರಲೆಂದು ಮಾಡಿದ ಉಪಾಯ. ಒಂದು ಹಾಡಿಗೆ ಸುಮಾರು ಮೂರು ನಿಮಿಷಗಳ ಅವಕಾಶ. ಹನ್ನೆರಡು ದಿನಗಳ ಅವಧಿಯಲ್ಲಿ ೧೯ ತಂಡಗಳಿಂದ ೭೬ ಹಾಡುಗಳು ಮುದ್ರಣಗೊಂಡವು.

ಮೊದಮೊದಲು ಬಂದವರು ಕಡಮೆ. ಆದರೆ ಹಿಂದಿನ ವರ್ಷ ಅರ್ನೆಸ್ಟ್ ಸ್ಟೋನ್‌ಮನ್ ಎಂಬ ಗಾಯಕನು ತಟ್ಟೆಗಳಿಂದ ೩,೬೦೦ ಡಾಲರು ಗಳಿಸಿದನೆಂದು ಊರಿನ ಪತ್ರಿಕೆ ಬರೆದುದೇ ತಡ, ಬೆಟ್ಟದ ಮೂಲೆಮೂಲೆಗಳಿಂದ ಜನರು ಪಿಟೀಲು, ಬ್ಯಾಂಜೊ ಹಿಡಿದು ಬರತೊಡಗಿದರು. ಹಾಗೆ ಬಂದವರಲ್ಲಿ ಕಾರ್ಟರ್ ಕುಟುಂಬವೂ ಒಂದು. ಎ. ಪಿ. ಕಾರ್ಟರ್, ಆತನ ಪತ್ನಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಮೇಬೆಲ್ ಆಗ ತುಂಬು ಗರ್ಭಿಣಿ. ತಮ್ಮನ ಕಾರನ್ನು ಎರವಲು ಪಡೆದು ಮಣ್ಣುದಾರಿಯಲ್ಲಿ ಹೊರಟು ಅವರು ಆಗಸ್ಟ್ ೧ರಂದು ಹಾಡಿದರು. ಎರಡು ದಿನಗಳಲ್ಲಿ ಆರು ಹಾಡುಗಳು. ಮರುದಿನ ಬೆಳಿಗ್ಗೆ ಎ. ಪಿ. ಇಲ್ಲದೆ ಹೆಂಗಸರಿಬ್ಬರೇ ಹಾಡಿದರು. ಮದುವೆಯಾದ ಹೆಣ್ಣಿನ ಪಾಡನ್ನೂ ಆಗದವಳ ಸ್ವಾತಂತ್ರ್ಯವನ್ನೂ ಹೋಲಿಸುವ ಒಂದು ಹಾಡನ್ನು ಸಾರಾಗೆ ಹಾಡಲು ಮನಸ್ಸಿರಲಿಲ್ಲ, ಪಿಯರ್ ಒತ್ತಾಯಿಸಿ ಹಾಡಿಸಿದ. ಅದೇ ತಟ್ಟೆ ಚೆನ್ನಾಗಿ ಮಾರಾಟವಾಯಿತು. ಆಗಸ್ಟ್ ೪ರಂದು ಬಂದವನು ಜಿಮ್ಮಿ ರಾಜರ್ಸ್, ಕ್ಷಯರೋಗಿಯಾದ ಮಾಜಿ ರೈಲ್ವೆ ನೌಕರ. ತಂಡಕ್ಕೆ ಯಾರ ಹೆಸರೆಂಬ ಬಗ್ಗೆ ಹಿಂದಿನ ರಾತ್ರಿಯೇ ಸಂಗಡಿಗರೊಡನೆ ಜಗಳವಾಗಿ ಒಬ್ಬನೇ ಎರಡು ಹಾಡು ಹಾಡಿದನು. ಮುನಿದುಹೋದ ಸಂಗಡಿಗರು ಟೆನೆಸಿ, ವರ್ಜೀನಿಯಾ ಎರಡನ್ನೂ ಕೂಡಿಸಿ ‘ಟೆನೆವಾ’ ಎಂಬ ಹೆಸರಿಟ್ಟುಕೊಂಡು ಬೇರೆಯಾಗಿ ಹಾಡಿದರು. ಗಡಿನಾಡಿನವರಿಗಲ್ಲದೆ ಇಂತಹ ಹೆಸರು ಇನ್ನಾರಿಗೆ ಹೊಳೆದೀತು? ರಾಜರ್ಸ್ ೧೯೩೩ರಲ್ಲಿ, ತನ್ನ ೩೫ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಅಷ್ಟರೊಳಗೆ ಅವನ ಕೀರ್ತಿ ದೇಶವನ್ನೆಲ್ಲ ವ್ಯಾಪಿಸಿತ್ತು.

ಆ ಕಟ್ಟಡ ಈಗ ಇಲ್ಲ. ಸ್ಥಳವನ್ನು ಗುರುತಿಸುವ ಸ್ಮಾರಕ ಫಲಕವಷ್ಟೇ ಇದೆ. ೨೦೧೪ರ ಆಗಸ್ಟಿನಲ್ಲಿ ತೆರೆದ ವಸ್ತುಸಂಗ್ರಹಾಲಯವು ಇರುವುದು ವರ್ಜೀನಿಯಾ ಕಡೆಯಲ್ಲಿ! ಮುದ್ರಣವಾದುದು ಒಂದು ರಾಜ್ಯದಲ್ಲಿ, ನೆನಪು ಇನ್ನೊಂದು ರಾಜ್ಯದಲ್ಲಿ. ಅದಕ್ಕಾಗಿ ಅಲ್ಲಿ ಯಾರೂ ತಕರಾರು ಮಾಡಿದಂತೆ ಕಾಣಲಿಲ್ಲ. ಒಳಗೆ ಕಿವಿಗೆ ಯಂತ್ರವಿಟ್ಟುಕೊಂಡು ಹಳೆಯ ಹಾಡುಗಳನ್ನು ಕೇಳಬಹುದು. ನಾವು ಎರಡು ಗಂಟೆಗೂ ಮಿಕ್ಕಿ ಅಲ್ಲಿಯೇ ಕುಳಿತೆವು. ಮಗಳು ಎರಡು ಬಾರಿ ಊಟಕ್ಕೆ ಕರೆದಳು.

ಈ ಹಾಡುಗಳು ಮರಳಿ ಮರಳಿ ಹೊರಬಂದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೊದಲ ತಟ್ಟೆಗಳು ಅರಗಿನವು. ಆ ಅರಗು ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಹಡಗೇರಿ ಹೋಗುತ್ತಿದ್ದುದು. ಅಪಲಾಚಿಯ ಬೆಟ್ಟದ ಹಾಡು ಛೋಟಾನಾಗಪುರದ ಕೀಟವೊಂದರ ಅಂಟಿನ ಮೇಲೆ ಉಳಿಯಿತೆಂದರೆ ಆಶ್ಚರ್ಯವಲ್ಲವೆ? ಬಿದ್ದರೆ ಒಡೆಯುವ ಆ ತಟ್ಟೆಗಳು ಕಾಲಕ್ರಮದಲ್ಲಿ ಅಟ್ಟ ಸೇರಿದವು. ೧೯೫೨ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕನು ತನ್ನಲ್ಲಿದ್ದ ಹಳೆಯ ತಟ್ಟೆಗಳಿಂದ ೮೪ ಹಾಡುಗಳನ್ನು ಆರಿಸಿ ಫೋಕ್‌ವೇಸ್ ಸಂಸ್ಥೆಯ ಮೂಲಕ ಆರು ದೀರ್ಘ ತಟ್ಟೆಗಳಲ್ಲಿ ಹೊರತಂದನು. ಸಾರಾ ಒಲ್ಲದ ಮನಸ್ಸಿನಿಂದ ಹಾಡಿದ ಆ ಹಾಡೂ ಅದರಲ್ಲಿತ್ತು. ನಗರಗಳ ಯುವಕರು ಅದನ್ನು ಕೇಳಿಯೇ ಗಿಟಾರು ಹಿಡಿದರೆನ್ನುತ್ತಾರೆ. ೧೯೮೭ರಲ್ಲಿ ಬ್ರಿಸ್ಟಲ್ ಹಾಡುಗಳಲ್ಲಿ ಆಯ್ದವು ಎರಡು ದೀರ್ಘ ತಟ್ಟೆಗಳಾಗಿ ಬಂದವು. ೨೦೧೧ರಲ್ಲಿ ಜರ್ಮನಿಯ ಬೇರ್ ಫ್ಯಾಮಿಲಿ ಎಂಬ ಸಂಸ್ಥೆ ೧೯೨೭ರವನ್ನೂ, ಪಿಯರ್ ಮತ್ತೆ ಬಂದು ಮುದ್ರಿಸಿಕೊಂಡ ೧೯೨೮ರವನ್ನೂ ಒಟ್ಟುಗೂಡಿಸಿ ಐದು ಸಿ.ಡಿ.ಗಳ ಪೆಟ್ಟಿಗೆಯನ್ನು ದಪ್ಪನೆಯ ಪುಸ್ತಕದೊಡನೆ ಪ್ರಕಟಿಸಿತು. ತಮ್ಮ ಮನೆಯ ನಿಧಿಗೆ ಪರದೇಶದವರು ಪೆಟ್ಟಿಗೆ ಮಾಡಿಕೊಡಬೇಕಾಗುವುದು ನಮ್ಮಲ್ಲಿ ಮಾತ್ರವಲ್ಲ ಎಂದಾಯಿತು.

೨೦೧೫ರಲ್ಲಿ ಬಂದುದು ಹೊಸ ಮುದ್ರಣ. ಡಾಲಿ ಪಾರ್ಟನ್, ಎಮ್ಮಿಲೂ ಹ್ಯಾರಿಸ್ ಮೊದಲಾದ ಇಂದಿನ ಪ್ರಸಿದ್ಧರು ಅದೇ ಹಳೆಯ ಹಾಡುಗಳನ್ನು ತಮ್ಮ ಕಂಠದಲ್ಲಿ ಹಾಡಿದ್ದಾರೆ. ಹೆಸರು ‘ಆರ್ಥೊಫೋನಿಕ್ ಜಾಯ್’. ಅಳಿಯಂದಿರು ಎರಡನ್ನೂ ಕಾರಿನಲ್ಲಿ ಕೇಳಿಸಿದರು. ಹೊಸದರಲ್ಲಿ ಒಂದೊಂದು ವಾದ್ಯವೂ ಕನ್ನಡಿಯಂತೆ ನಿಚ್ಚಳ. ಆದರೂ ಸಕ್ಕರೆ ಹೆಚ್ಚಾದ ಪಾಯಸದಂತೆ ಬೇಗನೆ ಮುಖ ಕಟ್ಟುತ್ತದೆ. ಒಂದನ್ನು ಮಾತ್ರ ಮೆಚ್ಚದಿರಲಾಗಲಿಲ್ಲ. ೧೯೨೭ರಲ್ಲಿ ಇಲ್ಲಿ ಪಿಟೀಲು ನುಡಿಸಿದ ಚಾರ್ಲ್ಸ್ ಮೆಕ್‌ರೆನಾಲ್ಡ್ಸ್‌ನ ಮೊಮ್ಮಗ ಜೆಸ್ಸಿ, ಅದೇ ಅಜ್ಜನ ಅದೇ ಪಿಟೀಲನ್ನು ಹಿಡಿದು ಅದೇ ಮಟ್ಟನ್ನು ನುಡಿಸಿದ್ದಾರೆ. ಹಳೆಯದರಲ್ಲಾದರೋ ಹುರಿಯುವ ಎಣ್ಣೆಯಂತಹ ಸದ್ದು ಹಿಂದೆ ನಿರಂತರವಾಗಿದೆ. ಅದರೊಳಗಿಂದ ಸಾರಾಳ ಧ್ವನಿ ಬರುತ್ತದೆ. ಅಲಂಕಾರವಿಲ್ಲ, ಕಂಪನವಿಲ್ಲ, ಬಾವಿಕಟ್ಟೆಯಲ್ಲಿ ನಿಂತು ಕರೆದಂತೆ. ನಮ್ಮ ಮನೆಯವರು ಅದನ್ನು ಕೇಳಿ, ‘ಇವಳು ಯಾರಿಗಾಗಿಯೂ ಹಾಡುತ್ತಿಲ್ಲ’ ಎಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾವು ಮಾಡಲಾರೆವು.

ಸಾಯಂಕಾಲ ಕಾರ್ಟರ್ ಕುಟುಂಬದ ಊರಿಗೇ ಹೋದೆವು. ಬ್ರಿಸ್ಟಲಿನಿಂದ ಪಶ್ಚಿಮಕ್ಕೆ, ಕ್ಲಿಂಚ್ ಪರ್ವತದ ತಪ್ಪಲಿನ ಆ ಕಣಿವೆಗೆ ‘ಬಡಕಣಿವೆ’ ಎಂದೇ ಹೆಸರು. ಎ. ಪಿ.ಯ ಹಳೆಯ ಅಂಗಡಿಯಲ್ಲಿ ೧೯೭೪ರಲ್ಲಿ ಮಗಳು ಜಾನೆಟ್ ಸಂಗೀತ ಕೂಟಗಳನ್ನು ಆರಂಭಿಸಿದಳು. ಜನ ಹಿಡಿಸದಾಗಿ ೧೯೭೬ರಲ್ಲಿ ಪಕ್ಕದಲ್ಲಿಯೇ ಕೊಟ್ಟಿಗೆಯಂತಹ ದೊಡ್ಡ ಸಭಾಂಗಣವಾಯಿತು. ಜಾನೆಟ್ ೨೦೦೬ರಲ್ಲಿ ತೀರಿಕೊಂಡಳಾದರೂ ಶನಿವಾರದ ಕೂಟ ನಿಂತಿಲ್ಲ. ಮದ್ಯಪಾನ ನಿಷಿದ್ಧ. ವಿದ್ಯುತ್ ಗಿಟಾರುಗಳಿಗೂ ಪ್ರವೇಶವಿಲ್ಲ. ಮೇಬೆಲ್ಲಳ ಅಳಿಯನಾದ ಸುಪ್ರಸಿದ್ಧ ಗಾಯಕ ಜಾನಿ ಕ್ಯಾಶ್ ೨೦೦೩ರ ಜುಲೈಯಲ್ಲಿ, ತನ್ನ ಸಾವಿಗೆ ಎರಡು ತಿಂಗಳ ಮುಂಚೆ, ಕೊನೆಯ ಬಾರಿಗೆ ಹಾಡಿದುದು ಈ ವೇದಿಕೆಯಲ್ಲಿ. ಹಾಡು ಶುರುವಾದೊಡನೆ ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರು ಪಾದರಕ್ಷೆಯ ಅಡಿಗೆ ಉಕ್ಕಿನ ತುಂಡು ಬಡಿದುಕೊಂಡು ವೇದಿಕೆಯೆದುರು ಕುಣಿಯುತ್ತಾರೆ. ಕಟಕಟ ಸದ್ದು ಗಿಟಾರಿಗೆ ತಾಳ. ಯಕ್ಷಗಾನದ ಚೆಂಡೆಗೆ ಕಿವಿ ಪಳಗಿದ ನಮಗೆ ಅದು ಗದ್ದಲವೆನಿಸಲಿಲ್ಲ.

ಎ. ಪಿ. ಮತ್ತು ಸಾರಾರ ಸಮಾಧಿಗಳೂ ಅದೇ ಕಣಿವೆಯಲ್ಲಿವೆ. ಇಬ್ಬರೂ ೧೯೩೩ರಲ್ಲೇ ಬೇರೆಯಾದವರು. ಸಾರಾ ಮುಂದೆ ಎ. ಪಿ.ಯ ಸೋದರಸಂಬಂಧಿಯೊಬ್ಬನನ್ನು ಮದುವೆಯಾದಳು. ಬೇರೆಯಾದ ಬಳಿಕವೂ ವರ್ಷಗಟ್ಟಲೆ ಇಬ್ಬರೂ ಒಂದೇ ಮೈಕಿನ ಮುಂದೆ ನಿಂತು ಹಾಡಿ ತಟ್ಟೆ ಮಾಡಿದರು. ಹೊಟ್ಟೆಪಾಡೋ ಹಾಡಿನ ಋಣವೋ, ಹೊರಗಿನವರು ಹೇಳುವುದು ಹೇಗೆ?

ಇನ್ನೊಬ್ಬನ ವಿಷಯ ಹೇಳದಿದ್ದರೆ ಈ ಬರಹ ಕುಂಟಾಗುತ್ತದೆ. ಪಿಯರ್‌ಗೆ ಹೊಸ ಹೊಸ ಹಾಡುಗಳು ಬೇಕಿದ್ದವು; ಹಾಡಿನ ಹಕ್ಕು ತನ್ನ ಪ್ರಕಾಶನಕ್ಕೆ ಬಂದರೆ ಅವನಿಗೆ ಲಾಭ. ಆದುದರಿಂದ ಎ. ಪಿ. ಊರೂರು ತಿರುಗಿ ಮುದುಕರಿಂದ, ಕೂಲಿಗಳಿಂದ, ಚರ್ಚುಗಳಿಂದ ಹಾಡುಗಳನ್ನು ಸಂಗ್ರಹಿಸಿದನು. ಜೊತೆಗೆ ಹೋಗುತ್ತಿದ್ದವನು ಲೆಸ್ಲಿ ರಿಡಲ್ ಎಂಬ ಕರಿಯ ಯುವಕ, ಅಪಘಾತದಲ್ಲಿ ಒಂದು ಕಾಲನ್ನು ಕಳೆದುಕೊಂಡ ಗಿಟಾರುವಾದಕ. ಎ. ಪಿ. ಸಾಹಿತ್ಯವನ್ನು ಬರೆದುಕೊಂಡರೆ ರಿಡಲ್ ಮಟ್ಟನ್ನು ಮನಸ್ಸಿನಲ್ಲಿ ಹಿಡಿದಿಟ್ಟು ಮನೆಗೆ ತಂದು ಮೇಬೆಲ್‌ಗೆ ಕಲಿಸುತ್ತಿದ್ದ. ಬಿಳಿಯರ ಹಾಡಿಗೊಂದು, ಕರಿಯರ ಹಾಡಿಗೊಂದು ಎಂದು ತಟ್ಟೆಗಳ ಪಟ್ಟಿಗಳೇ ಪ್ರತ್ಯೇಕವಾಗಿದ್ದ ಕಾಲ ಅದು. ಕಾರ್ಟರ್ ತಟ್ಟೆಗಳ ಮೇಲೆ ರಿಡಲ್‌ನ ಹೆಸರು ಬರಲಿಲ್ಲ. ಬೀದಿಯ ನಡುವಣ ಹಿತ್ತಾಳೆಯ ಗೆರೆಗಿಂತ ಈ ಗೆರೆ ಆಳವಾದುದು. ೧೯೬೫ರಲ್ಲಿ ಮೈಕ್ ಸೀಗರ್ ಎಂಬ ಸಂಗೀತಗಾರನು ಆತನನ್ನು ಹುಡುಕಿ ಹಾಡಿಸಿ ಮುದ್ರಿಸಿಕೊಂಡನು. ಅದು ರೌಂಡರ್ ಸಂಸ್ಥೆಯಿಂದ ಹೊರಬಂದುದು ೧೯೯೩ರಲ್ಲಿ. ಆಗ ರಿಡಲ್ ಬದುಕಿರಲಿಲ್ಲ.

ನಾಟಿಯ ಗದ್ದೆಯಲ್ಲೂ ಮದುವೆಯ ಮನೆಯಲ್ಲೂ ನಮ್ಮ ತಾಯಿಯವರು ಹಾಡುತ್ತಿದ್ದ ಶೋಭಾನೆಗಳನ್ನು ನಮ್ಮ ಅಕ್ಕ ಒಂದು ನೋಟ್‌ಪುಸ್ತಕದಲ್ಲಿ ಬರೆದಿರಿಸಿದ್ದಾರೆ. ಮೂವತ್ತಕ್ಕೂ ಮೇಲ್ಪಟ್ಟು ಹಾಡುಗಳು, ಚೊಕ್ಕ ಅಕ್ಷರ. ಮಟ್ಟು ಯಾರ ಬಳಿಯೂ ಇಲ್ಲ. ರಿಡಲ್‌ನ ಕೆಲಸವೇನೆಂಬುದು ನಮಗೆ ಬೇಗನೆ ಅರ್ಥವಾದುದು ಈ ಕಾರಣದಿಂದಲೇ.

ಆ ತಟ್ಟೆ ಬ್ರಿಸ್ಟಲಿನ ಅಂಗಡಿಯಲ್ಲಿ ಸಿಗಲಿಲ್ಲ. ಮಗಳು ಬೇರೆ ಕಡೆಯಿಂದ ತರಿಸಿ ನಾವು ಊರಿಗೆ ಹೊರಡುವ ಮುನ್ನಾದಿನ ಕೈಗಿತ್ತಳು. ವಯಸ್ಸಾದ ಕಂಠ, ಒಂದೇ ಗಿಟಾರು. ಮೇಬೆಲ್ ತಟ್ಟೆಗಳಲ್ಲಿ ಕೇಳುವ ಹೆಬ್ಬೆರಳಿನ ನಡೆಯನ್ನು ಇಲ್ಲಿ ಗುರುತಿಸಬಹುದೆಂದು ಅಳಿಯಂದಿರು ಹೇಳಿದ್ದರು. ಮಳೆ ಹಿಡಿದ ಈ ದಿನಗಳಲ್ಲಿ ವಿದ್ಯುತ್ತು ಇರುವ ಹೊತ್ತು ನೋಡಿ ಕೇಳುತ್ತಿದ್ದೇವೆ. ಎರಡನೆಯ ಸಲಕ್ಕೆ ಗುರುತು ಸಿಕ್ಕಿತು.