ಕೆಳಗಿನ ಎಲೆಗಳಿಂದ ಬಾಡಿದ ಪಾತಿ

ನಮ್ಮ ಪಾಠಶಾಲೆಯ ಕೈತೋಟವನ್ನು ಬಲ್ಲ ಪೂರ್ವ ವಿದ್ಯಾರ್ಥಿನಿಯರು ಈ ಸಂಚಿಕೆಯಲ್ಲಿ ಅದರ ಸಮಾಚಾರವನ್ನು ನಿರೀಕ್ಷಿಸುವರೆಂಬುದನ್ನು ನಾವು ಬಲ್ಲೆವು. ಅಡಿಗೆಮನೆಯ ಹಿಂದಣ ಪಾತಿಗಳಲ್ಲಿ ಒಂದೊಂದನ್ನು ಒಬ್ಬೊಬ್ಬ ಬಾಲಿಕೆಯ ವಶಕ್ಕೆ ಒಪ್ಪಿಸುವ ಪದ್ಧತಿಯು ಈಗಲೂ ನಡೆದುಬಂದಿದೆ. ಆ ಪಾತಿಗಳಲ್ಲೊಂದರ ವಿಷಯವಾಗಿ ನಾವು ಮಾಡಿದ ತಪ್ಪನ್ನೂ, ಅದರಿಂದ ನಮಗೆ ದೊರೆತ ಅಷ್ಟಿಷ್ಟು ಸಸ್ಯವೈದ್ಯವನ್ನೂ ಇಲ್ಲಿ ನಿವೇದಿಸುವೆವು.

2022ನೆಯ ಇಸವಿಯ ಮಳೆಗಾಲವನ್ನು ಚಿತ್ರದುರ್ಗದ ಸೀಮೆಯವರು ಬೇಗನೆ ಮರೆಯಲಾರರು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಪೂರೈಸಿದ ವಾಣಿವಿಲಾಸ ಸಾಗರವು 1933ರ ತರುವಾಯ ಪ್ರಥಮ ಬಾರಿಗೆ 130 ಅಡಿಗಳ ಮಟ್ಟವನ್ನು ಮುಟ್ಟಿ ಕೋಡಿ ಹರಿದದ್ದು ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ. ಜನರು ಬಂಡಿ ಕಟ್ಟಿಕೊಂಡು ಹೋಗಿ ನೋಡಿಬಂದಂತೆ, ನಾವೂ ಬಾಲಿಕೆಯರನ್ನು ಕರೆದೊಯ್ದು ತೋರಿಸಿದೆವು. ಬಂಡಿಗೆ ಬದಲಾಗಿ ಬಸ್ಸು, ಅಷ್ಟೆ. ಕೊಡ ನೀರಿಗೆ ಸಾಲುನಿಂತು ಬೆಳೆದ ನಮ್ಮಂಥವರಿಗೆ, ನೀರು ಹೆಚ್ಚಾಗಿಯೂ ಕೇಡು ಬರಬಹುದೆಂಬ ಯೋಚನೆ ಹೊಳೆಯುವುದು ಕಷ್ಟ. ಬಿ.ದುರ್ಗದ ಕಡೆಯ ಎರೆಮಣ್ಣಿನ ಸ್ವಭಾವವನ್ನು ಓದಿ ಬಲ್ಲವರಾಗಿಯೂ ನಾವು ಈ ಮಾತನ್ನು ಮರೆತೆವು.

ಮಳೆ ನಿಂತು ನಾಲ್ಕು ದಿನ ಬಿಸಿಲು ಕಾದಿತ್ತು. ಬಿ.ದುರ್ಗದ ಹೋಬಳಿಯ ಹಳ್ಳಿಯೊಂದರಿಂದ ಬಂದು ವಿದ್ಯಾರ್ಥಿನಿ ನಿಲಯದಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗಿಯ ಪಾತಿಯಲ್ಲಿ ಟೊಮೆಟೊ ಗಿಡಗಳು ಮಧ್ಯಾಹ್ನಕ್ಕೆ ಜೋಲುಬಿದ್ದಿದ್ದವು. ಬುಡದ ಎಲೆಗಳು ಹಳದಿಗೊಂಡಿದ್ದವು. ನೀರು ಹಾಕಿದೆಯಾ ಎಂದು ಕೇಳಿದೆವು. "ಇಲ್ಲಮ್ಮ, ಮಣ್ಣು ಇನ್ನೂ ಹಸಿಯಾಗಿದೆ" ಎಂದಳು. ಅದು ಸೋಮಾರಿತನದ ನೆಪವೆಂದು ನಾವು ತೀರ್ಮಾನಿಸಿದೆವು. ಪ್ರಾರ್ಥನೆಯ ಬಳಿಕ ಎಲ್ಲರೆದುರಿಗೆ ಅವಳಿಂದ ಪಾತಿಯನ್ನು ಕಸಿದುಕೊಂಡು, ಇನ್ನಿಬ್ಬರಿಗೆ ಒಪ್ಪಿಸಿ, ಬೆಳಿಗ್ಗೆ ಸಂಜೆ ಎರಡೆರಡು ಕೊಡ ನೀರು ಹೊಯ್ಯಬೇಕೆಂದು ಅಪ್ಪಣೆಮಾಡಿದೆವು. ಹುಡುಗಿ ಅಳಲಿಲ್ಲ, ಎದುರು ಮಾತಾಡಲೂ ಇಲ್ಲ. ಎಂಟು ದಿನಗಳಲ್ಲಿ ಹಳದಿಯು ಬುಡದಿಂದ ಮೂರನೆಯ ಸುತ್ತಿನ ಎಲೆಗಳವರೆಗೆ ಏರಿತು. ಕೊಟ್ಟ ನೀರೂ ಸಾಲದೆಂದುಕೊಂಡೆವು!

ಪೋಷಕರು ಬರುವ ಭಾನುವಾರ ಅವಳ ತಂದೆ ಬಂದರು. ನಾಲ್ಕು ಎಕರೆ ಅಡಕೆ ತೋಟದ ಒಡೆಯರು. ಮಗಳು ಅವರಿಗೆ ದೂರು ಹೇಳಿದ್ದಳೋ ಇಲ್ಲವೋ, ಅವರಂತೂ ನಮ್ಮೊಡನೆ ಆ ಮಾತೆತ್ತಲಿಲ್ಲ. ತೋಟವನ್ನು ನೋಡಬಹುದೇ ಎಂದು ಕೇಳಿ, ಪಾತಿಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಗಿಡವನ್ನು ಬೇರುಸಹಿತ ಎತ್ತಿ ಮೂಸಿ, ನಮ್ಮ ಕೈಗೆ ಕೊಟ್ಟರು. ಬೆಳ್ಳಗಿರಬೇಕಾದ ಬೇರು ಕಂದಾಗಿ, ಮೆತ್ತಗೆ ಕೊಳೆತು, ಬೆರಳಿನಲ್ಲಿ ಎಳೆದರೆ ಸಿಪ್ಪೆ ಕಳಚಿ ನೂಲಿನಂಥ ನಾರು ಮಾತ್ರ ಉಳಿಯುತ್ತಿತ್ತು. "ಬಾಯಾರಿಕೆ ಅಲ್ಲ ಅಮ್ಮಾ, ಉಸಿರು ಕಟ್ಟಿದೆ" ಎಂದರು.

ನಾವು ತರಗತಿಯಲ್ಲಿ ಬೋಧಿಸುತ್ತಿದ್ದ ಪಾಠವೇ ಅದು. ಎರೆಮಣ್ಣು ಒಣಗಿದಾಗ ಬಿರುಕು ಬಿಡುವುದು, ತೊಯ್ದಾಗ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವುದು. ಗಾಳಿಯ ಆಮ್ಲಜನಕವು ಸಿಗದ ಬೇರು ನೀರಿನಲ್ಲಿ ಮುಳುಗಿದ್ದರೂ ನೀರನ್ನು ಹೀರಲಾರದು. ಆದುದರಿಂದಲೇ ಎಲೆ ಜೋಲುವುದು. ಸಾರಜನಕವೂ ಬೇರಿನಿಂದ ಮೇಲೇರದು. ಆಗ ಗಿಡವು ಹಳೆಯ ಎಲೆಗಳಲ್ಲಿದ್ದ ಸಾರಜನಕವನ್ನು ಹಿಂದೆಗೆದು ತುದಿಯ ಎಳೆಯ ಚಿಗುರಿಗೆ ಸಾಗಿಸುವುದು. ಬಡತನದಲ್ಲಿ ಹಿರಿಯರು ತಮ್ಮ ತುತ್ತನ್ನು ಮಕ್ಕಳಿಗೆ ಬಿಟ್ಟುಕೊಡುವಂತೆ ಬುಡದೆಲೆ ಮೊದಲು ಬರಿದಾಗುವುದು. ಕಬ್ಬಿಣವು ಹಾಗೆ ಸಾಗುವ ವಸ್ತುವಲ್ಲ. ಅದು ಕಡಮೆಯಾದಲ್ಲಿ ತುದಿಯ ಚಿಗುರೇ ಮೊದಲು ಬಿಳಚುವುದು. ಸುಣ್ಣದ ಅಂಶ ಹೆಚ್ಚಾದ ನೆಲದಲ್ಲಿ ಇದನ್ನು ನೀವು ಕಂಡಿರಬಹುದು. ಹೀಗಾಗಿ ಹಳದಿಯು ಎಲ್ಲಿಂದ ತೊಡಗಿತೆಂಬುದೇ ವೈದ್ಯನಿಗೆ ಮೊದಲ ಪ್ರಶ್ನೆ. ಇಷ್ಟೆಲ್ಲವನ್ನು ಕಪ್ಪುಹಲಗೆಯ ಮೇಲೆ ಬರೆಯಬಲ್ಲ ನಾವು ಒಂದು ಬೆರಳನ್ನು ಮಣ್ಣಿನಲ್ಲಿಟ್ಟು ನೋಡಿರಲಿಲ್ಲ. ಹುಡುಗಿ ನೋಡಿದ್ದಳು.

ಆ ತಂದೆಯವರು ಅಷ್ಟಕ್ಕೆ ಬಿಡದೆ ಇಡೀ ತೋಟವನ್ನು ಸುತ್ತಿದರು. ಬೇರೊಂದು ಪಾತಿಯ ಬುಡದೆಲೆಗಳಲ್ಲಿ ಕಂದು ಚುಕ್ಕೆಗಳಿದ್ದವು, ಒಂದೊಂದರಲ್ಲೂ ಉಂಗುರದೊಳಗೆ ಉಂಗುರ. ಅದು ಅಂಗಮಾರಿ ಎಂಬ ಶಿಲೀಂಧ್ರದ ರೋಗ. ಮಳೆಹನಿ ನೆಲಕ್ಕೆ ಬಡಿದು ಮಣ್ಣನ್ನು ಎರಚುವಾಗ ರೋಗದ ಬೀಜಕಣಗಳು ಕೆಳಗಿನ ಎಲೆಗಳಿಗೆ ಮೊದಲು ತಾಕುವುದರಿಂದ ಅಲ್ಲಿಯೂ ಬಾಡುವಿಕೆ ಕೆಳಗಿನಿಂದಲೇ. ಚುಕ್ಕೆಬಿದ್ದ ಎಲೆಗಳನ್ನು ಕಿತ್ತು ಸುಡಿಸಿ, ಬುಡಕ್ಕೆ ಒಣಹುಲ್ಲು ಹಾಸಿಸಿ, ನೀರನ್ನು ಎಲೆಯ ಮೇಲೆ ಹೊಯ್ಯದಂತೆ ಕಟ್ಟುಮಾಡಿದೆವು. ಮೂಲೆಯ ಒಂದು ಗಿಡದಲ್ಲಿ ಹಳದಿಯು ಒಂದು ಪಕ್ಕದ ಎಲೆಗಳಿಗೆ ಮಾತ್ರ ಹತ್ತಿತ್ತು. ಕಾಂಡವನ್ನು ಸೀಳಿದಾಗ ಒಳಗಿನ ನಾಳಗಳು ಕಂದುಬಣ್ಣಕ್ಕೆ ತಿರುಗಿದ್ದವು. ಇದು ಮಣ್ಣಿನಿಂದ ಬರುವ ಫ್ಯುಸೇರಿಯಂ ಸೊರಗುರೋಗ, ಇದಕ್ಕೆ ಔಷಧವಿಲ್ಲ. ಆ ಗಿಡವನ್ನು ಕಿತ್ತೆವು, ಅಲ್ಲಿ ಪುನಃ ಟೊಮೆಟೊ ಇಟ್ಟಿಲ್ಲ. ಎಲೆ ಹಸುರಾಗಿರುವಾಗಲೇ ಗಿಡವೆಲ್ಲ ಹಠಾತ್ತನೆ ಕುಸಿದರೆ ಕಾಂಡದ ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟು ನೋಡಿರಿ. ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಕೆಲಸ. ನಮ್ಮಲ್ಲಿ ಅದೊಂದು ಇರಲಿಲ್ಲವೆಂಬುದೇ ಸಮಾಧಾನ.

ಮರುದಿನ ಪ್ರಾರ್ಥನೆಯ ಬಳಿಕ, ಪಾತಿಯನ್ನು ಕಸಿದ ಸ್ಥಳದಲ್ಲಿಯೇ, ಅವಳು ಸತ್ಯವನ್ನು ಹೇಳಿದ್ದಳು, ನಾವು ನಂಬಲಿಲ್ಲ ಎಂದು ಎಲ್ಲರೆದುರಿಗೆ ತಿಳಿಸಿ ಕ್ಷಮೆ ಬೇಡಿದೆವು. ಇಪ್ಪತ್ತು ವರ್ಷ ಉಪಾಧ್ಯಾಯಿನಿಯಾಗಿದ್ದವರಿಗೆ ಅದು ಸುಲಭವಾಗಿರಲಿಲ್ಲವೆಂದು ಒಪ್ಪಿಕೊಳ್ಳುವೆವು, ಸ್ವರ ನಡುಗಿತು. ಹುಡುಗಿ ತಲೆತಗ್ಗಿಸಿ ನಿಂತಿದ್ದಳು. ಆ ಮೇಲೆ ಬಂದು ಕೇಳಿದ್ದು ಇಷ್ಟೆ: "ಅಮ್ಮಾ, ಸಂಜೆಗೆ ಗುದ್ದಲಿ ಕೊಡುತ್ತೀರಾ?"

ತಂದೆಯು ಅಡಕೆಸಾಲುಗಳ ನಡುವೆ ತೋಡುವ ಬಸಿಗಾಲುವೆಯ ಮಾದರಿಯಲ್ಲಿ, ಪಾತಿಯ ಎರಡು ಮಗ್ಗುಲಿಗೂ ಮೊಳದುದ್ದ ಆಳಕ್ಕೆ ಕಾಲುವೆ ತೋಡಿ, ತೆಗೆದ ಮಣ್ಣಿಗೆ ಗೊಬ್ಬರ ಬೆರಸಿ ಪಾತಿಯನ್ನು ಏರಿಸಿದಳು. ಹದಿನಾಲ್ಕು ಗಿಡಗಳಲ್ಲಿ ಐದು ಉಳಿದವು. ಅವಳು ಎಸ್.ಎಸ್.ಎಲ್.ಸಿ. ಮುಗಿಸಿ ಹೋದಳು. ಕಾಲುವೆಯು ಈಗಲೂ ಅಡಿಗೆಮನೆಯ ಹಿಂದೆ ಹಾಗೆಯೇ ಇದೆ. ಈ ವರ್ಷ ಆ ಪಾತಿಯಲ್ಲಿ ಹುರುಳಿಕಾಯಿ ಹಬ್ಬಿದೆ.